ಕುಮಟಾ–ಶಿರಸಿ ಕಾರ್ಬನ್ ಡೈಆಕ್ಸೈಡ್ ಕೊಳವೆ: ಘಟ್ಟದ ಒತ್ತಡ ಲೆಕ್ಕ ಹಾಕಿದ ಬಗೆ

ಕಾರ್ಬನ್ ಡೈಆಕ್ಸೈಡ್ ಕೊಳವೆಯ ಲೆಕ್ಕವನ್ನು ಬಯಲುಸೀಮೆಯಲ್ಲಿ ಹಾಕಿದರೆ ಅದರ ನಿಜವಾದ ಕಷ್ಟ ಕಾಣುವುದೇ ಇಲ್ಲ. ಅದಕ್ಕೇ ಅಧ್ಯಯನಕ್ಕೆ ನಾನು ಆರಿಸಿಕೊಂಡದ್ದು ಕುಮಟಾ–ಶಿರಸಿ ದಾರಿ. ಕೊಳವೆ ಕಾಗದದ ಮೇಲಿನದು, ದೇವಿಮನೆ ಘಟ್ಟ ಮಾತ್ರ ನಿಜದ್ದು. ಉದ್ದ ಸುಮಾರು 60 ಕಿ.ಮೀ., ಏರು 590 ಮೀ., ಒಳವ್ಯಾಸ 300 ಮಿ.ಮೀ., ಸಾಗಣೆ ವರ್ಷಕ್ಕೆ 10 ಲಕ್ಷ ಟನ್, ಅಂದರೆ ಸೆಕೆಂಡಿಗೆ 31.7 ಕೆ.ಜಿ. ಮಣ್ಣಿನೊಳಗಿನ ಉಷ್ಣತೆ 28 ಡಿಗ್ರಿ ಎಂದಿಟ್ಟುಕೊಂಡೆ.

ಈ ಅನಿಲವನ್ನು ದ್ರವದಷ್ಟು ದಟ್ಟವಾಗುವಂತೆ ಒತ್ತಿ ಕಳಿಸಬೇಕು. ಒತ್ತಡದ ಅಳತೆ ಬಾರ್; ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು. 28 ಡಿಗ್ರಿಯಲ್ಲಿ ಒತ್ತಡ ಸುಮಾರು 69 ಬಾರ್‌ಗಿಂತ ಕೆಳಗಿಳಿದರೆ ಕೊಳವೆಯೊಳಗೇ ಕುದಿಯುತ್ತದೆ. ದ್ರವ, ಆವಿ ಎರಡೂ ಬೆರೆತು ಹರಿದರೆ ಪಂಪು, ಮೀಟರು ಎಲ್ಲಕ್ಕೂ ಪೆಟ್ಟು. ನೈಟ್ರೋಜನ್ ತುಸು ಬೆರೆತಿದ್ದರೂ ಕುದಿಯುವ ಒತ್ತಡ ಇನ್ನೂ ಮೇಲೇರುತ್ತದೆ. ಹಾಗಾಗಿ ಶಿರಸಿ ತುದಿಯಲ್ಲಿ 85 ಬಾರ್ ಉಳಿಯಲೇಬೇಕು ಎಂದು ಮೊದಲು ಗೆರೆ ಎಳೆದುಕೊಂಡು, ಅಲ್ಲಿಂದ ಕೆಳಕ್ಕೆ ಲೆಕ್ಕ ಹಾಕುತ್ತ ಬಂದೆ.

ಪ್ರತಿ 50 ಮೀ. ಏರಿಗೊಮ್ಮೆ ಸಾಂದ್ರತೆಯನ್ನು ಹೊಸದಾಗಿ ತೆಗೆಯಬೇಕು. ಒಂದೇ ಸರಾಸರಿ ಹಿಡಿದು ಮುಗಿಸಿದರೆ ಸಾಲದು: 135 ಬಾರ್‌ನಲ್ಲಿ ಘನಮೀಟರಿಗೆ 840 ಕೆ.ಜಿ. ಆಸುಪಾಸು ಇರುವುದು 85 ಬಾರ್‌ಗೆ ಬರುವಾಗ 750ರ ಹತ್ತಿರ ಇಳಿದಿರುತ್ತದೆ. ಇದಕ್ಕೆ ಕಾರ್ಬನ್ ಡೈಆಕ್ಸೈಡಿಗೆಂದೇ ರೂಪಿಸಿದ ಸ್ಪಾನ್–ವ್ಯಾಗ್ನರ್ ಸಮೀಕರಣವೇ ಬೇಕು. ಉಚಿತವಾಗಿ ಸಿಗುವ ತಂತ್ರಾಂಶ ಕೂಲ್‌ಪ್ರಾಪ್‌ನಲ್ಲಿ ಅದಿದೆ. ಪೆಂಗ್–ರಾಬಿನ್ಸನ್ ಎಂಬ ಸರಳ ಸಮೀಕರಣ ಬಳಸಿದರೆ ಈ ವಲಯದಲ್ಲೇ ಸಾಂದ್ರತೆ ತಪ್ಪುತ್ತದೆ. ಬಂದ ಉತ್ತರ: ತಿಕ್ಕಾಟಕ್ಕೆ 4 ಬಾರ್, ಏರಿಗೆ 46 ಬಾರ್. ಕುಮಟಾದಲ್ಲಿ 135 ಬಾರ್ ಬೇಕು. 110ಕ್ಕೆ ಹೊರಟರೆ ಶಿರಸಿ ಮುಟ್ಟುವ ಮೊದಲೇ ಕುದಿಯುತ್ತದೆ. ಕೊಳವೆಯ ಒಳವ್ಯಾಸ ಹೆಚ್ಚಿಸಿದರೆ ಉಳಿಯುವುದು ಆ 4 ಬಾರ್‌ನಲ್ಲಿ ಒಂದಿಷ್ಟು, ಅಷ್ಟೇ.

ಇನ್ನು ನೀರು. ಒಣ ಅನಿಲ ಉಕ್ಕನ್ನು ತಿನ್ನುವುದಿಲ್ಲ, ನೀರು ಸೇರಿದರೆ ಕಾರ್ಬಾನಿಕ್ ಆಮ್ಲವಾಗಿ ತಿನ್ನುತ್ತದೆ. ನೀರು ತುಂಬಿ ಒತ್ತಡ ಪರೀಕ್ಷೆ ಮಾಡಿದ ಮೇಲೆ ಹಳ್ಳ ದಾಟುವ ತಗ್ಗುಗಳಲ್ಲೆಲ್ಲ ನೀರು ನಿಲ್ಲುತ್ತದೆ. ಕೊಳವೆಯೊಳಗಿನ ನೀರನ್ನು ತಳ್ಳಿ ಗುಡಿಸುವ ಪಿಗ್ ಎಂಬ ಸಾಧನ ಓಡಿಸಿ, ಆಮೇಲೆ ಒಣಗಾಳಿ ಊದಿ, ಹೊರಬರುವ ಗಾಳಿಯ ಇಬ್ಬನಿ ಬಿಂದು (ಅದರ ತೇವ ಹನಿಗಟ್ಟತೊಡಗುವ ಉಷ್ಣತೆ) ಮೈನಸ್ 40 ಡಿಗ್ರಿಗೆ ಬರುವವರೆಗೆ ನಿಲ್ಲಿಸಬಾರದು. ಆಷಾಢದ ಕರಾವಳಿ ಗಾಳಿಯನ್ನು ಡ್ರೈಯರ್ ಇಲ್ಲದೆ ಊದಿದರೆ ಒಣಗಿಸಿದಂತಲ್ಲ, ಒದ್ದೆ ಮಾಡಿದಂತೆ.

ನನಗೆ ಎಲ್ಲಕ್ಕಿಂತ ಹೆಚ್ಚಿನ ಆತಂಕ ಗುಡ್ಡ ಕುಸಿತದ್ದು. 2020ರ ಫೆಬ್ರುವರಿಯಲ್ಲಿ ಅಮೆರಿಕದ ಮಿಸಿಸಿಪಿ ರಾಜ್ಯದ ಸಟಾರ್ಷಿಯಾ ಬಳಿ ಭಾರೀ ಮಳೆಗೆ ಮಣ್ಣು ಸರಿದು ಇಂಥದೇ ಕೊಳವೆ ಬೆಸುಗೆಯಲ್ಲಿ ಒಡೆಯಿತು. 45 ಮಂದಿ ಆಸ್ಪತ್ರೆಗೆ ಹೋಗಬೇಕಾಯಿತು. 2024ರ ಜುಲೈನಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಜರಿದದ್ದನ್ನು ಕಂಡ ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಸೋರಿದರೆ ಕಣಿವೆಗಿಳಿದು ಮನೆ, ತೋಟಗಳ ಮೇಲೆ ನಿಲ್ಲುತ್ತದೆ. ಆದ್ದರಿಂದ ಒತ್ತಡ ಬಿಡುವ ವೆಂಟನ್ನು ಕಣಿವೆಯ ತಲೆಯಲ್ಲಿ ಇಡಲಿಲ್ಲ, ಕೇರಿಗಳಿಂದ ದೂರ ಬಯಲಾದ ದಿಬ್ಬಕ್ಕೆ ಒಯ್ದೆ. ವೆಂಟನ್ನು ನಿಧಾನಕ್ಕೇ ತೆರೆಯಬೇಕು. ಒಮ್ಮೆಲೇ ತೆರೆದರೆ ಒಣ ಮಂಜುಗಡ್ಡೆ ಕಟ್ಟಿ ಬಾಯಿಯೇ ಮುಚ್ಚಿಹೋಗಬಹುದು.

ಅದೇ ದಾರಿಯಲ್ಲಿ 70 ಬಾರ್ ಹೈಡ್ರೋಜನ್ ಕಳಿಸಿ ನೋಡಿದರೆ ಘಟ್ಟಕ್ಕೆ ಹೋಗುವುದು 0.3 ಬಾರ್ ಮಾತ್ರ. ಅಲ್ಲಿ ತೊಂದರೆಯೆಲ್ಲ ಉಕ್ಕಿನದು: ಹೈಡ್ರೋಜನ್ ಒಳಹೊಕ್ಕು ಲೋಹವನ್ನು ಪೆಡಸು ಮಾಡುತ್ತದೆ, ಒತ್ತಡ ಏರಿಳಿದಷ್ಟೂ ಬಿರುಕು ಬೇಗ ಬೆಳೆಯುತ್ತದೆ. ಹಾಗಾಗಿ ಹೆಚ್ಚು ಬಲದ ಎಕ್ಸ್70ರ ಬದಲು ಕಡಿಮೆ ಬಲದ ಎಕ್ಸ್52 ಉಕ್ಕು ಹಿಡಿದೆ, ಗೋಡೆ ದಪ್ಪವಾದರೂ ಸರಿ. ಬೆಸುಗೆಯ ಪಕ್ಕದ ಬಿಸಿ ತಗುಲಿದ ಪಟ್ಟಿಯ ಗಡಸುತನವನ್ನು ಪ್ರತ್ಯೇಕವಾಗಿ ಅಳೆಯಬೇಕು. 250 ವಿಕರ್ಸ್ (ಗಡಸುತನದ ಅಳತೆ) ದಾಟಿದ ಬೆಸುಗೆಯನ್ನು ನಾನು ಒಪ್ಪುವುದಿಲ್ಲ.