ನಿರ್ಜನ ದ್ವೀಪಕ್ಕೆ ಒಂದೇ ಸಾಮಾನು: ಆರಿಸುವುದು ಹೇಗೆ?

ಅಡುಗೆಗೆ, ಊಟಕ್ಕೆ ಬಳಸುವ ತಟ್ಟೆ, ಚಾಕು, ಪಾತ್ರೆಯಂಥ ಸಾಮಾನುಗಳಲ್ಲಿ ಒಂದನ್ನು ಮಾತ್ರ ಜೊತೆಗಿಟ್ಟುಕೊಂಡು ನಿರ್ಜನ ದ್ವೀಪದಲ್ಲಿ ದಿನ ಕಳೆಯಬೇಕಾಗಿ ಬಂದರೆ ಯಾವುದನ್ನು ಆರಿಸಬೇಕು? ಅದಕ್ಕೆ ಮೊದಲು ಪ್ರತಿ ವಸ್ತುವಿನ ಬಗ್ಗೆಯೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಇದು ಕಳೆದುಹೋದರೆ, ದ್ವೀಪದಲ್ಲೇ ಸಿಗುವ ವಸ್ತುಗಳಿಂದ ಮತ್ತೆ ಮಾಡಿಕೊಳ್ಳಬಹುದೇ?

ಮಾಡಿಕೊಳ್ಳಬಹುದಾದ್ದನ್ನೆಲ್ಲ ಮೊದಲು ಪಕ್ಕಕ್ಕಿಡಿ. ತಟ್ಟೆಯ ಬದಲಿಗೆ ಅಗಲವಾದ ಎಲೆ ಆಗುತ್ತದೆ, ಚಮಚದ ಬದಲಿಗೆ ಕಪ್ಪೆಚಿಪ್ಪು ಸಾಕು, ಫೋರ್ಕಿನ ಕೆಲಸಕ್ಕೆ ಬೆರಳುಗಳಿವೆ.

ಚಾಕುವನ್ನು ಬಿಡುವುದು ಅಷ್ಟು ಸುಲಭವಲ್ಲ. ಚಿಲಿಯ ಕರಾವಳಿಯಿಂದ 600 ಕಿ.ಮೀ.ಗೂ ಹೆಚ್ಚು ದೂರದ ಮಾಸ್ ಅ ತಿಯೆರ್ರಾ ದ್ವೀಪದಲ್ಲಿ 1704ರಿಂದ 1709ರವರೆಗೆ ಒಬ್ಬನೇ ಬದುಕಿದ ಸ್ಕಾಟ್ಲೆಂಡಿನ ನಾವಿಕ ಅಲೆಕ್ಸಾಂಡರ್ ಸೆಲ್ಕಿರ್ಕ್‌ನ ಬಳಿ ಕೋವಿ, ಕೊಡಲಿ, ಚಾಕು, ಅಡುಗೆ ಪಾತ್ರೆ ಎಲ್ಲವೂ ಇದ್ದವು. ಅವನನ್ನು ಪಾರು ಮಾಡಿದ ನೌಕಾಯಾನದ ಮುಖ್ಯಸ್ಥ ವುಡ್ಸ್ ರೋಜರ್ಸ್ ಬರೆದಿಟ್ಟಿರುವ ಪ್ರಕಾರ, ಚಾಕು ಪೂರ್ತಿ ಸವೆದಾಗ ಸೆಲ್ಕಿರ್ಕ್ ದಡದಲ್ಲಿ ಬಿದ್ದಿದ್ದ ಕಬ್ಬಿಣದ ಪಟ್ಟಿಗಳನ್ನು ಬಡಿದು ತೆಳುವಾಗಿಸಿ, ಕಲ್ಲಿಗೆ ಉಜ್ಜಿ ಹೊಸ ಚಾಕುಗಳನ್ನು ಮಾಡಿಕೊಂಡ. ಕಬ್ಬಿಣ ಸಿಗದಿದ್ದರೂ ಒಡೆದ ಚಿಪ್ಪಿನ ಅಂಚಿನಿಂದ ಮೀನನ್ನು ಸೀಳಬಹುದು. ಆದರೆ ಬೆಂಕಿಯ ಮೇಲೆ ನೀರು ಕುದಿಸುವ ಪಾತ್ರೆಯನ್ನು ಹೀಗೆ ಮಾಡಿಕೊಳ್ಳುವುದು ಬಹಳ ಕಷ್ಟ. ಮಡಕೆ ಮಾಡಲು ತಕ್ಕ ಜೇಡಿಮಣ್ಣು ಬೇಕು, ಅದನ್ನು ಒಡೆಯದಂತೆ ಸುಡುವ ಅನುಭವವೂ ಬೇಕು. ಆದ್ದರಿಂದ ಪಾತ್ರೆಯನ್ನೇ ಆರಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನು ಯಾವ ಪಾತ್ರೆ ಎಂಬ ಪ್ರಶ್ನೆ. ಅಲ್ಯೂಮಿನಿಯಂ ಹಗುರವೇನೋ ಹೌದು, ಆದರೆ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ನೀರಿಲ್ಲದೆ ದೊಡ್ಡ ಕೆಂಡದ ಮೇಲೆ ಉಳಿದುಬಿಟ್ಟರೆ ಹಾಳಾಗಬಹುದು. ಹಿತ್ತಾಳೆಗೆ ಹಾಕಿದ ಕಲಾಯಿ 232 ಡಿಗ್ರಿಯಲ್ಲೇ ಕರಗುತ್ತದೆ. ಒಂದೇ ಪದರದ, ದಪ್ಪ ತಳದ ಸ್ಟೀಲ್ ಪಾತ್ರೆಯೇ ಒಳ್ಳೆಯದು. ಎರಡು ಪದರಗಳ ನಡುವೆ ನಿರ್ವಾತವಿರುವ ಫ್ಲಾಸ್ಕನ್ನು ಬೆಂಕಿಗಿಡುವುದು ಅಪಾಯಕಾರಿ.

ತಂಬಿಗೆಯ ಕಂಠಕ್ಕೆ ಹಗ್ಗ ಬಿಗಿದರೆ ಹೊರಚಾಚಿದ ಅಂಚು ಅದನ್ನು ಜಾರಗೊಡದು, ನೀರು ಸೇದಲು ಅನುಕೂಲ. ಆದರೆ ಏಡಿಯನ್ನೋ ಗೆಡ್ಡೆಯನ್ನೋ ಬೇಯಿಸಲು ಅದರ ಬಾಯಿ ಕಿರಿದು. ಹೀಗಾಗಿ ಒಂದೂವರೆ ಲೀಟರಿನಷ್ಟು ಹಿಡಿಯುವ, ಅಗಲ ಬಾಯಿಯ, ಅಂಚು ಹೊರಕ್ಕೆ ಮಡಿಚಿರುವ, ಮುಚ್ಚಳವಿರುವ ಪಾತ್ರೆಯನ್ನು ಹುಡುಕಿ. ಪ್ಲಾಸ್ಟಿಕ್ ಹಿಡಿ ಇರಬಾರದು. ಇದಕ್ಕಿಂತ ದೊಡ್ಡದಾದರೆ ಪ್ರತಿ ಸಲ ಹೆಚ್ಚು ಸೌದೆ ಬೇಕಾಗುತ್ತದೆ.

ಬಳಕೆಯಲ್ಲಿ ನೀರಿಗೇ ಮೊದಲ ಸ್ಥಾನ. ತೊರೆ ಅಥವಾ ಹೊಂಡದ ನೀರನ್ನು ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿಯಲು ಆರಂಭಿಸಿದ ಮೇಲೆ ಕನಿಷ್ಠ ಒಂದು ನಿಮಿಷ ಕುದಿಸಿದರೆ ರೋಗಾಣುಗಳು ಸಾಯುತ್ತವೆ. ಸಮುದ್ರದ ನೀರನ್ನು ಮಾತ್ರ ಕುದಿಸಿಯೂ ಕುಡಿಯಬಾರದು. ಅದರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಆ ಉಪ್ಪನ್ನು ಹೊರಹಾಕಲು ದೇಹ ಕುಡಿದದ್ದಕ್ಕಿಂತ ಹೆಚ್ಚು ನೀರನ್ನು ಕಳೆದುಕೊಳ್ಳುತ್ತದೆ. ಸಿಹಿನೀರು ಎಲ್ಲೂ ಸಿಗದಿದ್ದರೆ ಪಾತ್ರೆಯ ಮೂರನೇ ಒಂದು ಭಾಗದಷ್ಟು ಸಮುದ್ರದ ನೀರನ್ನು ಸಣ್ಣ ಉರಿಯಲ್ಲಿ ಕಾಯಿಸಿ, ಮುಚ್ಚಳವನ್ನು ಓರೆಯಾಗಿ ಹಿಡಿದು, ಅದರ ಒಳಮೈಯಿಂದ ಇಳಿಯುವ ಹಬೆಯ ಹನಿಗಳನ್ನು ತೆಂಗಿನ ಚಿಪ್ಪಿನಲ್ಲಿ ಸಂಗ್ರಹಿಸಬಹುದು. ಸಿಗುವುದು ಸ್ವಲ್ಪವೇ, ಸೌದೆಯೂ ಬಹಳ ಬೇಕು, ಆದರೂ ಅದು ಕುಡಿಯಲು ಯೋಗ್ಯವಾದ ನೀರು. ಕೆಲಸ ಮುಗಿದ ಮೇಲೆ ತಳದಲ್ಲಿ ಉಳಿದ ಉಪ್ಪುನೀರನ್ನು ಚೆಲ್ಲಿ ಪಾತ್ರೆಯನ್ನು ಒರೆಸಿಡಿ. ಹಾಗೆಯೇ ಬಿಟ್ಟರೆ ಉಪ್ಪು ಸ್ಟೀಲನ್ನೂ ಚುಕ್ಕೆ ಚುಕ್ಕೆಯಾಗಿ ಕೊರೆಯುತ್ತದೆ.