ಹೊರವಲಯದಲ್ಲಿ ಒಳ್ಳೆಯ ಏಷ್ಯನ್ ಊಟ ಹುಡುಕುವ ಬಗೆ

ನಗರದ ಅಂಚಿನ ಬಡಾವಣೆಗೆ ಹೊಸದಾಗಿ ಬಂದವರು ಮೊದಲು ಹೋಟೆಲ್ ಹುಡುಕಬೇಡಿ, ದಿನಸಿ ಅಂಗಡಿ ಹುಡುಕಿ. ಥಾಯ್ ತುಳಸಿ, ಮೀನಿನ ಸಾಸ್, ತಾಜಾ ಅಕ್ಕಿ ನೂಡಲ್ಸ್ ಮಾರುವ ಅಂಗಡಿ ಇದೆಯೆಂದರೆ ಅವನ್ನು ದಿನವೂ ಬಳಸುವ ಜನ ಸುತ್ತಮುತ್ತಲೇ ಇದ್ದಾರೆ. ದುಡ್ಡು ಕೊಡುವಾಗ “ನೀವು ಊಟಕ್ಕೆ ಎಲ್ಲಿಗೆ ಹೋಗುತ್ತೀರಿ?” ಎಂದು ಕೇಳಿ. ಆ್ಯಪ್‌ನ ನಕ್ಷತ್ರಗಳಿಗಿಂತ ಆ ಉತ್ತರವನ್ನೇ ನಾನು ಹೆಚ್ಚು ನಂಬುತ್ತೇನೆ.

ಜಪಾನಿನ ಸುಶಿ, ಥಾಯ್ಲೆಂಡಿನ ಪ್ಯಾಡ್ ಥಾಯ್ ನೂಡಲ್ಸ್, ಕೊರಿಯನ್ ಬಾರ್ಬೆಕ್ಯೂ ಎಲ್ಲವೂ ಒಂದೇ ಮೆನುವಿನಲ್ಲಿದ್ದರೆ ಅಲ್ಲಿ ನಿಲ್ಲದೆ ಮುಂದೆ ನಡೆಯಿರಿ. ನಾಲ್ಕೈದು ಬಗೆಯನ್ನಷ್ಟೇ ಮಾಡುವ ಪುಟ್ಟ ಜಾಗ ಮೇಲು.

ವಿಯೆಟ್ನಾಂನ ನೂಡಲ್ಸ್ ಸೂಪ್ ಆದ ಫೋ ಸಿಕ್ಕರೆ ಅದರಿಂದಲೇ ಪರೀಕ್ಷೆ ಆರಂಭಿಸಿ. ಮೂಳೆ, ಸುಟ್ಟ ಶುಂಠಿ, ಈರುಳ್ಳಿ, ಚಕ್ರಮೊಗ್ಗು, ಚಕ್ಕೆ ಹಾಕಿ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಕುದಿಸುವ ಸಾರು ಅದು. ಅಡ್ಡದಾರಿ ಹಿಡಿದರೆ ನಾಲಿಗೆಗೆ ತಿಳಿದುಬಿಡುತ್ತದೆ. ಸಾಸ್ ಸುರಿಯುವ ಮೊದಲು ಬರೀ ಸಾರನ್ನು ಒಂದು ಚಮಚ ಕುಡಿದು ನೋಡಿ. ತಿಳಿಯಾಗಿದ್ದೂ ರುಚಿ ಗಾಢವಾಗಿರಬೇಕು. ಮಧ್ಯಾಹ್ನಕ್ಕೇ ಸಾರು ಮುಗಿಯಿತು ಎಂದು ಬಾಗಿಲು ಹಾಕುವ ಅಂಗಡಿಯಾದರೆ ಮರುದಿನ ಬೇಗ ಹೋಗಿ!

ದೊಡ್ಡ ಉರಿಯಲ್ಲಿ ಹುರಿದ ನೂಡಲ್ಸನ್ನು ಪಾರ್ಸೆಲ್ ತರಬೇಡಿ. ಬಾಣಲೆಯಿಂದ ಬಂದ ಹೊಗೆಯ ಘಮ ಡಬ್ಬಿಯ ಹಬೆಯಲ್ಲಿ ಸತ್ತುಹೋಗುತ್ತದೆ, ಅಲ್ಲೇ ಕೂತು ತಿನ್ನಿ.

ಸಸ್ಯಾಹಾರಿಗಳು ಗಮನಿಸಿ: ಮಾಂಸ ಬೇಡ ಎಂದರೆ ಸಾಲದು. ಥಾಯ್ ಕರಿ ಪೇಸ್ಟ್‌ನಲ್ಲಿ ಸಿಗಡಿ, ಕೊರಿಯಾದ ಹುದುಗಿಸಿದ ತರಕಾರಿಯಾದ ಕಿಮ್ಚಿಯಲ್ಲಿ ಮೀನಿನ ಸಾಸ್ ಇರುವುದು ಸಾಮಾನ್ಯ. ಇವು ಇವೆಯೇ ಎಂದು ಒಂದೊಂದರ ಹೆಸರು ಹಿಡಿದೇ ವಿಚಾರಿಸಿ.