ಗೋಡೆಗೆ ಕಾಗದದ ಚಿತ್ರ ಅಂಟಿಸುವ ಬಗೆ

ಫ್ರಾನ್ಸ್‌ನ ಕಲಾವಿದ ಜೆಆರ್ 2011ರಲ್ಲಿ ಆರಂಭಿಸಿದ 'ಇನ್‌ಸೈಡ್ ಔಟ್' ಯೋಜನೆಯಲ್ಲಿ ಸಾಮಾನ್ಯ ಜನರ ಕಪ್ಪು-ಬಿಳುಪು ಭಾವಚಿತ್ರಗಳು ದೇಶದೇಶಗಳ ಗೋಡೆ ಏರಿದವು. ಬೇಕಾದ ಸಾಮಗ್ರಿ ಸರಳ: ಕಾಗದ, ಅಂಟು, ಬ್ರಷ್. ಮೊದಲು ಗೋಡೆಯ ಮಾಲೀಕರಿಂದ ಬರಹದಲ್ಲಿ ಅನುಮತಿ ಪಡೆಯಿರಿ.

ಒಂದು ಕಪ್ ಮೈದಾವನ್ನು ಒಂದು ಕಪ್ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ಮೂರು ಕಪ್ ನೀರಿಗೆ ಸುರಿಯಿರಿ. ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತಿದ್ದರೆ ಬಿಳಿಬಣ್ಣ ಮಾಸಿ ಅಂಟು ಗಟ್ಟಿಯಾಗುತ್ತದೆ. ಒಣ ಹಿಟ್ಟನ್ನು ನೇರ ಬಿಸಿನೀರಿಗೆ ಹಾಕಿದರೆ ಹೊರಪದರ ತಕ್ಷಣ ಬೆಂದು, ಒಳಗೆ ಹಿಟ್ಟು ಹಾಗೇ ಉಳಿದು ಗಂಟಾಗುತ್ತದೆ. ತಣ್ಣಗಾದ ಮೇಲೆ ಬಳಸಿ, ಹುಳಿ ವಾಸನೆ ಬಂದರೆ ಚೆಲ್ಲಿಬಿಡಿ.

ಕಾಗದ 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ ತೂಕ) ಮೀರಬಾರದು. ದಪ್ಪ ಕಾಗದ ಗೋಡೆಯ ಉಬ್ಬುತಗ್ಗಿಗೆ ಬಾಗದೆ ಅಂಚಿನಲ್ಲಿ ಎದ್ದು ನಿಲ್ಲುತ್ತದೆ. ಲೇಸರ್ ಮುದ್ರಣವೇ ಮೇಲು, ಏಕೆಂದರೆ ಸಾಮಾನ್ಯ ಇಂಕ್‌ಜೆಟ್ ಶಾಯಿ ನೀರು ತಾಗಿದರೆ ಹರಡುತ್ತದೆ.

ಗೋಡೆಯ ದೂಳನ್ನು ಒರಟು ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಚಿತ್ರ ಕಳಚುವುದು ಅಂಟಿನ ದೋಷದಿಂದ ಮಾತ್ರವಲ್ಲ, ಈ ದೂಳಿನಿಂದಲೂ. ಗೋಡೆಗೂ ಕಾಗದದ ಹಿಂಬದಿಗೂ ಅಂಟು ಬಳಿದು ಒಂದೆರಡು ನಿಮಿಷ ಕಾಯಿರಿ. ತೇವಕ್ಕೆ ಕಾಗದದ ನಾರು ಹಿಗ್ಗುತ್ತದೆ. ಹಿಗ್ಗುವ ಮೊದಲೇ ಅಂಟಿಸಿದರೆ ಗೋಡೆಯ ಮೇಲೆ ಸುಕ್ಕು ಏಳುತ್ತದೆ. ಮೇಲಂಚು ಕೂರಿಸಿ, ನಡುವಿನಿಂದ ಹೊರಕ್ಕೆ ಬ್ರಷ್ ಎಳೆದು ಗಾಳಿ ಹೊರಡಿಸಿ. ಕೊನೆಗೆ ಮೇಲೊಂದು ಅಂಟಿನ ತೆಳು ಪದರ ಬಳಿಯಿರಿ, ನಾಲ್ಕು ಅಂಚುಗಳಿಗೆ ಧಾರಾಳವಾಗಿ. ಮಳೆನೀರು ಒಳನುಗ್ಗುವುದು ಅಲ್ಲಿಂದಲೇ.